61 ದಿನದ ನಿಷೇಧ: ಬೋಟು ದುರಸ್ತಿಗೂ ಒಂದು ಪಟ್ಟಿ ಬೇಕು

ಕೆಸರೆಯಲ್ಲಿರುವ ನಮಗೆ ಕಡಲು ದೂರ, ಮೀನಿನ ನಂಟು ದೂರವಿಲ್ಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಂಗಳೂರು, ಮಲ್ಪೆಯಲ್ಲಿ ಬೋಟು ದುರಸ್ತಿಗೂ ಇದೇ ಸಮಯ. ಆದರೆ ಅದೇ ಜೋರು ಮಳೆಗಾಲ. ಹೊರರಾಜ್ಯದ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಕೆಲಸವೆಲ್ಲ ಜುಲೈ ಕೊನೆಗೆ ಬಿದ್ದರೆ ಬಡಗಿ, ಮೆಕ್ಯಾನಿಕ್ ಎಲ್ಲರಿಗೂ ಒಟ್ಟಿಗೇ ಬೇಕು. ಸಿಗೋದು ಹೇಗೆ?

ಪರಿಹಾರ ಕಷ್ಟವೇನಲ್ಲ. ಬೋಟು ದಡ ಏರಿದ ಕೂಡಲೇ ಅಡಿಭಾಗ ನೋಡಿ ಮರದ ಕೆಲಸ ಮುಗಿಸಬೇಕು. ಪೇಂಟು ಆಮೇಲೆ, ಬಿಸಿಲು ಕಂಡ ದಿನ. ಮಳೆ ಬಂದ ದಿನ ಶೆಡ್ಡಿನೊಳಗೆ ಬಲೆ ರಿಪೇರಿ ನಡೆಯಲಿ.

ಮೀನು ಸಿಕ್ಕರೆ ಪಾಲು ಪಡೆಯುವ ಕಲಾಸಿಗೆ ದುರಸ್ತಿಯ ದಿನಗಳಲ್ಲಿ ಪಾಲೆಲ್ಲಿ? ಯಾರು ಯಾವ ದಿನ ಬರಬೇಕು ಅಂತ ಬರೆಯುವಾಗಲೇ ಅವರ ಕೂಲಿಯನ್ನೂ ಮಾಲಕರು, ತಾಂಡೇಲರು ಕೂತು ಬರೆದಿಡಬೇಕು. ಕೂಲಿ ಬರೆಯದ ಪಟ್ಟಿ ನಂಬಿ ಯಾರೂ ಬೇಗ ಮರಳುವುದಿಲ್ಲ.