ಕಾಣೆಯಾದದ್ದೆಲ್ಲ ನಾಶವಾದದ್ದಲ್ಲ

ಕೀಟನಾಶಕಗಳ ಕುರಿತ ನಮ್ಮ ದೇಶದ ಚರ್ಚೆಯಲ್ಲಿ ಒಂದು ವಾಕ್ಯ ಹಲವು ದಶಕಗಳಿಂದ ನೆಮ್ಮದಿಯಾಗಿ ಬಾಳಿಕೊಂಡು ಬಂದಿದೆ: 'ನಮ್ಮದು ಉಷ್ಣದೇಶ, ಇಲ್ಲಿನ ಬಿಸಿಲಿಗೆ, ಮಳೆಗೆ ಈ ಔಷಧಿಗಳು ಮಣ್ಣಿನಲ್ಲಿ ನಿಲ್ಲುವುದಿಲ್ಲ.' ಉದ್ಯಮಿಗಳು ಇದನ್ನು ಹೇಳಿದರು, ಅಧಿಕಾರಿಗಳು ಬರೆದುಕೊಂಡರು, ಹೊರನಾಡಿನ ನಮ್ಮ ಸಭೆಗಳಲ್ಲಿ ವಿದ್ಯಾವಂತರಾದ ಮಹನೀಯರೂ ಪುನರುಚ್ಚರಿಸುತ್ತಿದ್ದಾರೆ. ಧ್ರುವಪ್ರದೇಶದ ಮಾಲಿನ್ಯದ ಮಾತು ಬಂದೊಡನೆ ಇವರ ಉತ್ತರ ಸಿದ್ಧ: ಅದು ಹಿಮಕರಡಿಗಳ ಮೇಲೆ ಪಾಶ್ಚಾತ್ಯರಿಗಿರುವ ಮೋಹ, ಹಸಿದ ದೇಶಕ್ಕೆ ಅದರಿಂದ ಆಗಬೇಕಾದ್ದೇನು? ಮೂರು ದಶಕಗಳ ಕಾಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದ ನಾನು ಈ ನೆಮ್ಮದಿಯನ್ನು ಒಪ್ಪಲಾರೆ. ವಿಷ ನಮ್ಮ ಹೊಲದಲ್ಲಿ ನಿಲ್ಲುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಅದು ಹೋದದ್ದೆಲ್ಲಿಗೆ? ಇದಕ್ಕೆ ಉತ್ತರ ಕೊಟ್ಟವರು ಧ್ರುವದ ಚಳಿಯಲ್ಲಿ ಗಾಳಿ, ನೀರು, ಹಿಮಗಳನ್ನು ಅಳೆದ ರಸಾಯನಶಾಸ್ತ್ರಜ್ಞರು. ಆ ಉತ್ತರವನ್ನು ನಾವು ಓದಲೊಲ್ಲೆವು, ಏಕೆಂದರೆ ಅದರಲ್ಲಿ ನಮ್ಮ ವಿಳಾಸವಿದೆ.

1966ರಲ್ಲಿ ವಿಲಿಯಂ ಸ್ಲಾಡನ್ ಮತ್ತು ಸಂಗಡಿಗರು ಅಂಟಾರ್ಕ್‌ಟಿಕಾದ ಪೆಂಗ್ವಿನ್ನುಗಳ ದೇಹದಲ್ಲಿ ಡಿ.ಡಿ.ಟಿ.ಯ ಅಂಶವಿರುವುದನ್ನು ಪ್ರಕಟಿಸಿದರು. ಹೊಲವಿಲ್ಲದ, ಬೆಳೆಯಿಲ್ಲದ, ಮಲೇರಿಯಾ ಇಲ್ಲದ ಖಂಡ ಅದು. ಅಲ್ಲಿಗೆ ಡಿ.ಡಿ.ಟಿ. ಬಂದ ಬಗೆಯನ್ನು ವಿವರಿಸಲು ಮುಂದೆ ಹಲವು ವರ್ಷಗಳೇ ಹಿಡಿದವು. 1993ರಲ್ಲಿ ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೇ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟರು. ತತ್ತ್ವ ಸರಳವಾದದ್ದು, ಭಟ್ಟಿ ಇಳಿಸುವುದನ್ನು ಕಂಡವರಿಗೆಲ್ಲ ಗೊತ್ತಿರುವಂಥದು. ಬಿಸಿಯಿದ್ದಲ್ಲಿ ಆವಿಯಾದದ್ದು ತಂಪಿದ್ದಲ್ಲಿ ಇಳಿಯುತ್ತದೆ. ಉಷ್ಣವಲಯದ ಮಣ್ಣಿನಿಂದ ಎದ್ದ ವಿಷದ ಆವಿ ಗಾಳಿಯೊಡನೆ ಸಾಗಿ, ತಂಪಾದೆಡೆ ಇಳಿದು, ಬೇಸಿಗೆಯಲ್ಲಿ ಮತ್ತೆ ಎದ್ದು, ಮಿಡತೆಯಂತೆ ಕುಪ್ಪಳಿಸುತ್ತ ಕೊನೆಗೆ ಮತ್ತೆ ಏಳಲಾರದಷ್ಟು ಚಳಿಯಿರುವಲ್ಲಿ ತಂಗುತ್ತದೆ. ಭೂಮಿಯೇ ಒಂದು ಭಟ್ಟಿ; ನಾವಿರುವುದು ಒಲೆಯ ಬದಿಯಲ್ಲಿ, ಧ್ರುವವಿರುವುದು ಪಾತ್ರೆಯ ಬದಿಯಲ್ಲಿ.

ಇದು ಬರಿಯ ಸಿದ್ಧಾಂತವಲ್ಲ. ನಮ್ಮ ಹಳ್ಳಿಗಳಲ್ಲಿ ಬಿ.ಎಚ್.ಸಿ. ಪುಡಿಯನ್ನು ಅರಿಯದ ಮನೆ ಇರಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೂ ಅದರ ಚೀಲವಿತ್ತು. ಗದ್ದೆಗೂ ಅದೇ, ಇರುವೆ ಗೂಡಿಗೂ ಅದೇ. ಅದರಲ್ಲಿ ಕೀಟವನ್ನು ಕೊಲ್ಲುವ ಗಾಮಾ ರೂಪದ ಅಂಶ ನೂರಕ್ಕೆ ಹತ್ತು-ಹದಿನೈದು ಮಾತ್ರ; ಅರವತ್ತು-ಎಪ್ಪತ್ತರಷ್ಟು ಭಾಗ ಆಲ್ಫಾ ಎಂಬ ಇನ್ನೊಂದು ರೂಪ. ರೈತ ಹಣ ತೆತ್ತು ಎರಚಿದ ಪುಡಿಯ ಬಹುಭಾಗ ಅವನ ಕೀಟಕ್ಕೆ ಏನನ್ನೂ ಮಾಡುತ್ತಿರಲಿಲ್ಲ. ಜಪಾನಿನ ಎಹಿಮೆ ಮತ್ತು ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವೆಳ್ಳಾರ್ ನದಿಯ ಬಯಲಿನಲ್ಲಿ, ಭತ್ತದ ಗದ್ದೆಗಳಿಗೆ ಹಾಕಿದ ಈ ಪುಡಿಯ ಲೆಕ್ಕ ಹಿಡಿದರು. 1991ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಗದ್ದೆಯಿಂದ ಹೊರಹೋದದ್ದರಲ್ಲಿ ಶೇಕಡಾ 99.6ರಷ್ಟು ಗಾಳಿಯ ಪಾಲಾಗಿತ್ತು. ನದಿಯಲ್ಲಿ ಹರಿದು ಸಮುದ್ರ ಸೇರಿದ್ದು ಶೇಕಡಾ 0.4 ಮಾತ್ರ. ನಾವು 'ನಿಲ್ಲುವುದಿಲ್ಲ' ಎಂದು ಹೆಮ್ಮೆಪಟ್ಟ ವಿಷ ಎದ್ದು ಹೊರಟಿತ್ತು, ಅಷ್ಟೇ.

ಹೊರಟದ್ದು ತಲುಪಿದ ಕಡೆ ಅದನ್ನು ಕಾದು ಕುಳಿತವರಲ್ಲಿ ಪರಿಸರ ರಸಾಯನಶಾಸ್ತ್ರಜ್ಞ ಟೆರಿ ಬಿಡಲ್‌ಮನ್ ಒಬ್ಬರು. ಅವರೂ ಸಂಗಡಿಗರೂ ಉತ್ತರ ಧ್ರುವ ಸಾಗರದ ಗಾಳಿ ಮತ್ತು ನೀರಿನಲ್ಲಿ ಇದೇ ಆಲ್ಫಾ ರೂಪವನ್ನು ವರ್ಷಗಟ್ಟಲೆ ಅಳೆದರು. ಧ್ರುವದ ಗಾಳಿಯಲ್ಲಿ ಅದರ ಪ್ರಮಾಣ ಎರಡು ಸಲ ಥಟ್ಟನೆ ಇಳಿದದ್ದು ಕಂಡಿತು: ಒಮ್ಮೆ 1983ರ ಸುಮಾರಿಗೆ, ಚೀನಾ ಈ ಪುಡಿಯನ್ನು ಕೈಬಿಟ್ಟಾಗ; ಮತ್ತೊಮ್ಮೆ 1990ರ ಬಳಿಕ, ಭಾರತ ಕೃಷಿಯಲ್ಲಿ ಇದರ ಬಳಕೆಗೆ ಕಡಿವಾಣ ಹಾಕಿ ಸೋವಿಯತ್ ಒಕ್ಕೂಟ ನಿಷೇಧಿಸಿದಾಗ. ಬೀಜಿಂಗ್, ಮಾಸ್ಕೋ, ದೆಹಲಿಗಳ ಕಡತಗಳಲ್ಲಿ ಬಿದ್ದ ಸಹಿಯನ್ನು ಒಂದೆರಡು ವರ್ಷಗಳಲ್ಲೇ ಧ್ರುವದ ಗಾಳಿ ಓದಿಬಿಟ್ಟಿತ್ತು! ನಮಗೂ ಧ್ರುವಕ್ಕೂ ಸಂಬಂಧವಿಲ್ಲ ಎನ್ನುವವರು ಈ ಪುರಾವೆಯನ್ನು ಎಲ್ಲಿ ಬಚ್ಚಿಡುತ್ತಾರೆ?

ಹಾಗೆ ತಲುಪಿದ ವಿಷ ಅಲ್ಲಿ ಬರಿಯ ಹಿಮದಲ್ಲಿ ಮಲಗಿಲ್ಲ. ನೀರಿನಲ್ಲಿ ಕರಗಲೊಲ್ಲದ ಈ ಬಗೆಯ ವಸ್ತುಗಳು ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲಿಗೆ, ಸೀಲು ತಿಮಿಂಗಿಲಗಳಿಂದ ಅವನ್ನೇ ಉಂಡು ಬದುಕುವ ಇನ್ಯುಯಿಟ್ ಜನಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತ ಹೋಗುತ್ತವೆ. 1980ರ ದಶಕದಲ್ಲಿ ವೈದ್ಯವಿಜ್ಞಾನಿ ಎರಿಕ್ ದಿವಾಯಿ, ಕೈಗಾರಿಕೆಯ ಸೋಂಕಿಲ್ಲದ ತಾಯಿಹಾಲು ಹೋಲಿಕೆಗೆ ಬೇಕೆಂದು ಕ್ವಿಬೆಕ್ ಪ್ರಾಂತದ ಉತ್ತರದ ತುದಿಯ ಇನ್ಯುಯಿಟ್ ತಾಯಂದಿರ ಹಾಲನ್ನು ಪರೀಕ್ಷಿಸಿದರು. ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ವಿಷ ಆ ಹಾಲಿನಲ್ಲಿ ದಕ್ಷಿಣದ ತಾಯಂದಿರ ಹಾಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಇತ್ತು. ಹಿಮಕರಡಿಯ ಹೆಸರೆತ್ತಿ ನಗುವವರು ಈ ತಾಯಂದಿರ ಮುಂದೆ ನಕ್ಕಾರೆಯೇ? 1999ರಲ್ಲಿ ನೈರೋಬಿಯ ಮಾತುಕತೆಗೆ ಬಂದ ಇನ್ಯುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯೆ ತಾಯಿ ಮತ್ತು ಮಗುವಿನ ಒಂದು ಕಲ್ಲಿನ ಕೆತ್ತನೆಯನ್ನು ಕೊಟ್ಟರು. ಮುಂದಿನ ಮಾತುಕತೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೆಯೇ ಇತ್ತು. 2001ರ ಸ್ಟಾಕ್‌ಹೋಮ್ ಒಪ್ಪಂದ ಹುಟ್ಟಿದ್ದು ಆ ಮೇಜಿನಲ್ಲಿ. ಭಾರತ ಅದನ್ನು 2006ರಲ್ಲಿ ಅನುಮೋದಿಸಿತು.

ಇನ್ನು ಎಂಡೋಸಲ್ಫಾನಿನ ವಿಚಾರ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇದನ್ನು 2000ದವರೆಗೆ, ಎರಡು ದಶಕಗಳಿಗೂ ಮಿಕ್ಕಿ ಸಿಂಪಡಿಸಲಾಯಿತು. ಪಡ್ರೆಯ ಕನ್ನಡ-ತುಳು ಮನೆಗಳಲ್ಲಿ ಮಕ್ಕಳು ಅಂಗವಿಕಲರಾಗಿ ಹುಟ್ಟುತ್ತಿದ್ದುದನ್ನು ವೈದ್ಯ ವೈ.ಎಸ್. ಮೋಹನ್ ಕುಮಾರರು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳ ಕಥೆಯೂ ಅದೇ. ಆಗಲೂ ಕೇಳಿಬಂದದ್ದು ಆ ಹಳೆಯ ವಾಕ್ಯವೇ: ಎಂಡೋಸಲ್ಫಾನ್ ಬೇಗ ವಿಘಟನೆಯಾಗುತ್ತದೆ, ನಿಲ್ಲುವುದಿಲ್ಲ. ಅದು ವಿಘಟನೆಯಾಗಿ ಆಗುವುದಾದರೂ ಏನು? ಎಂಡೋಸಲ್ಫಾನ್ ಸಲ್ಫೇಟ್, ಮೂಲದಷ್ಟೇ ವಿಷಕಾರಿ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದು. ಕೆನಡಾದ ತುತ್ತತುದಿಯ ಅಲರ್ಟ್ ಎಂಬಲ್ಲಿ 1990ರ ದಶಕದಿಂದ ನಡೆದ ಅಳತೆಯಲ್ಲಿ ಬಿ.ಎಚ್.ಸಿ. ಇಳಿಯುತ್ತ ಹೋದಾಗಲೂ ಎಂಡೋಸಲ್ಫಾನ್ ಹಾಗೆ ಇಳಿಯಲಿಲ್ಲ. ಬೇಗ ಅಳಿಯುವ ವಸ್ತು ಭೂಮಿಯ ನೆತ್ತಿಯವರೆಗೆ ಪ್ರಯಾಣ ಮಾಡೀತು ಹೇಗೆ?

'ಇದು ಐರೋಪ್ಯರ ಸಂಚು; ಹಕ್ಕುಸ್ವಾಮ್ಯ ಮುಗಿದ ಅಗ್ಗದ ಔಷಧಿಯನ್ನು ಕೊಂದು ತಮ್ಮ ದುಬಾರಿ ಔಷಧಿಯನ್ನು ಮಾರುವ ಹೂಟ' ಎಂಬ ಕೂಗು ಆಗ ಎದ್ದಿತು. 2007ರಲ್ಲಿ ಪ್ರಸ್ತಾಪ ತಂದದ್ದು ಐರೋಪ್ಯ ಒಕ್ಕೂಟವೇ, ನಿಜ. ಎಂಡೋಸಲ್ಫಾನನ್ನು ರೂಪಿಸಿ ದಶಕಗಳ ಕಾಲ ಮಾರಿದವರಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿ ಮುಂದಿತ್ತು, ಅದೂ ನಿಜ. ಐರೋಪ್ಯರ ಕೈ ಶುಭ್ರವೆಂದು ನಾನು ವಾದಿಸುತ್ತಿಲ್ಲ. ಆದರೆ ಮಾರುವವನ ದುರುದ್ದೇಶದಿಂದ ಆವಿಯ ಒತ್ತಡ ಬದಲಾಗುವುದಿಲ್ಲ. ನಮ್ಮ ದೇಶಾಭಿಮಾನ ಅಂದು ಪಡ್ರೆಯ ಮಕ್ಕಳ ಪರ ನಿಲ್ಲದೆ ಕಾರ್ಖಾನೆಯ ಪರ ನಿಂತದ್ದೇಕೆ? ಜಗತ್ತಿನ ಅತಿ ದೊಡ್ಡ ಉತ್ಪಾದಕ ನಾವೇ ಆಗಿದ್ದೆವು ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣದು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದು ನಿಷೇಧಿತ ಪಟ್ಟಿಗೆ ಸೇರಿತು; ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಉತ್ಪಾದನೆ, ಮಾರಾಟಗಳನ್ನು ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆಜ್ಞಾಪಿಸಿತು.

ಕಾಸರಗೋಡಿನ ಒಂದೊಂದು ರೋಗಕ್ಕೂ ಎಂಡೋಸಲ್ಫಾನೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ವಾದವಿದೆ. ಇರಲಿ. ಆ ವಾದವನ್ನು ಮುಗಿಸಬಲ್ಲ ಅಳತೆಗಳು ಸಿಂಪಡಣೆ ನಡೆಯುತ್ತಿದ್ದ ವರ್ಷಗಳಲ್ಲೇ ನಡೆಯಬೇಕಿತ್ತು. ಅಳತೆ ಮಾಡದೆ ಬಿಟ್ಟು, ಆಮೇಲೆ ಪುರಾವೆ ಎಲ್ಲಿ ಎಂದು ಕೇಳುವುದು ನ್ಯಾಯವಲ್ಲ. ಧ್ರುವದ ವಿಜ್ಞಾನದಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದೇ: ವರ್ಷಾನುವರ್ಷ, ಒಂದೇ ಸ್ಥಳದಲ್ಲಿ, ಫಲ ಏನೇ ಬರಲಿ, ಅಳೆಯುತ್ತಲೇ ಇರುವ ತಾಳ್ಮೆ.

ಧ್ರುವವಾದರೂ ಶಾಶ್ವತ ಗೋದಾಮಲ್ಲ. ಗಾಳಿಯಲ್ಲಿ ಬಿ.ಎಚ್.ಸಿ. ಕಡಿಮೆಯಾದಾಗ ಬೇರಿಂಗ್, ಚುಕ್ಚಿ ಸಮುದ್ರಗಳು ತಾವು ಹೀರಿಕೊಂಡದ್ದನ್ನು ಗಾಳಿಗೆ ಮರಳಿಸತೊಡಗಿದ್ದನ್ನು ಬಿಡಲ್‌ಮನ್ನರ ತಂಡ 1995ರಲ್ಲೇ ತೋರಿಸಿತ್ತು. ಭೂಮಿ ಕಾವೇರಿದಂತೆ ಹಿಮವೂ ತನ್ನಲ್ಲಿರುವುದನ್ನು ಬಿಡತೊಡಗಿದೆ. ದೂರದ ಧ್ರುವ ಬೇಡವೆನ್ನುವವರು ಹಿಮಾಲಯದತ್ತ ನೋಡಲಿ. ಎವರೆಸ್ಟಿನ ಹಿಮದಲ್ಲೂ ಡಿ.ಡಿ.ಟಿ. ಸಿಕ್ಕಿದೆ. ಗಂಗೆ ಯಮುನೆಗಳು ಇಳಿದು ಬರುವುದು ಅಂಥದೇ ಹಿಮದಿಂದ.

ನನ್ನ ಬೇಡಿಕೆಗಳು ಮೂರೇ. 1968ರ ಕೀಟನಾಶಕ ಕಾಯಿದೆಯ ಬದಲಿಗೆ ಯಾವ ಕಾನೂನೇ ಬರಲಿ, ಹೊಸ ವಿಷವೊಂದಕ್ಕೆ ಪರವಾನಗಿ ಕೊಡುವ ಮುನ್ನ 'ಹೊಲದಿಂದ ಹೋದದ್ದು ಎಲ್ಲಿಗೆ ಹೋಯಿತು?' ಎಂಬ ಪ್ರಶ್ನೆಗೆ ತಯಾರಕನಿಂದ ಲೆಕ್ಕ ಪಡೆಯಬೇಕು. ಆ ಲೆಕ್ಕ ಸಾರ್ವಜನಿಕವಾಗಬೇಕು. ಎರಡನೆಯದು, ಅಂಟಾರ್ಕ್‌ಟಿಕಾದಲ್ಲಿ ಮೈತ್ರಿ, ಭಾರತಿಗಳನ್ನೂ ಉತ್ತರದಲ್ಲಿ ಹಿಮಾದ್ರಿಯನ್ನೂ ಕಟ್ಟಬಲ್ಲ ದೇಶ, ಬೆಳ್ತಂಗಡಿಯಲ್ಲಿ, ಕಾಸರಗೋಡಿನಲ್ಲಿ, ವೆಳ್ಳಾರ್ ಬಯಲಿನಲ್ಲಿ ಗಾಳಿಯನ್ನೂ ತಾಯಿಹಾಲನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯುವ ಶಾಶ್ವತ ಕೇಂದ್ರಗಳನ್ನು ನಡೆಸಬೇಕು. ಮೂರನೆಯದು, ಅಲ್ಲಿ ತಿಳಿದುಬಂದದ್ದು ಆ ಊರಿನ ಜನರ ಭಾಷೆಯಲ್ಲಿ ಆ ಊರಿನ ಜನರಿಗೆ ಮೊದಲು ತಿಳಿಯಬೇಕು.

ರೈತನ ಹೆಸರಿನಲ್ಲಿ ಇದನ್ನು ವಿರೋಧಿಸುವವರು ಒಂದನ್ನು ನೆನಪಿಡಲಿ. ಗಾಳಿಗೆ ಎದ್ದ ಪುಡಿ ಧ್ರುವಕ್ಕೆ ಹೊರಡುವ ಮೊದಲು ಹಾದುಹೋದದ್ದು ಅದನ್ನು ಎರಚಿದವನ ಮೂಗಿನ ಮುಂದೆ. ಇನ್ಯುಯಿಟ್ ತಾಯಿಯ ಪರ ಮಾತಾಡುವವನು ನಮ್ಮ ಗದ್ದೆಯ ಕೂಲಿಯಾಳಿನ ವಿರುದ್ಧ ಮಾತಾಡುತ್ತಿದ್ದಾನೆಂದು ನಂಬಿಸುವವರಿಂದ ಇಬ್ಬರಿಗೂ ಕೇಡು.