ಶಾಸನ ಸಿಕ್ಕದ ಊರಿಗೂ ಚರಿತ್ರೆಯುಂಟು

ಗಡಿಯಾಚೆಯ ಕನ್ನಡಿಗರಾದ ನಮಗೆ ಶಾಸನವೆಂದರೆ ಪ್ರಾಣ. 1956ರ ನವೆಂಬರ್ 1ರ ಮುನ್ನ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದುದನ್ನು ಪ್ರತಿ ಸಮ್ಮೇಳನದಲ್ಲಿ ನೆನೆಯುತ್ತೇವೆ. ಕನ್ನಡ ಅಕ್ಷರವಿರುವ ಕಲ್ಲೊಂದು ದೊರೆತರೆ ಹಿಗ್ಗುತ್ತೇವೆ. ಹಿಗ್ಗುವುದು ತಪ್ಪಲ್ಲ. ಆದರೆ ‘ಶಾಸನವಿಲ್ಲದ ದಿಬ್ಬದಲ್ಲೇನಿದೆ, ಬರೀ ಮಣ್ಣು’ ಎಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತಿದೆ. ಈ ಮಾತನ್ನು ನಾವು ಒಪ್ಪಲಾರೆವು.

ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಸುರಪುರ ಸೀಮೆಯ ಬೂದಿಹಾಳದಲ್ಲಿ ದನ ಕಟ್ಟಿ ಬಾಳಿದವರು ನಾಲ್ಕು ಸಾವಿರ ವರ್ಷಗಳ ಹಿಂದಿನವರು. ಅವರಿಗೆ ಲಿಪಿ ಇರಲಿಲ್ಲ. ಹಾಗೆಂದು ಅವರಿಗೆ ಚರಿತ್ರೆಯೂ ಇರಲಿಲ್ಲವೇ?

ಬೂದಿಗುಡ್ಡಗಳ ಕಥೆಯನ್ನೇ ನೋಡೋಣ. ಹಂಪಿಯ ಬಳಿಯ ನಿಂಬಾಪುರದ ಬೂದಿರಾಶಿಯನ್ನು ಜನ ವಾಲಿಯನ್ನು ಸುಟ್ಟ ಸ್ಥಳವೆಂದರು. ಇಂತಹ ರಾಶಿಗಳನ್ನು ಜ್ವಾಲಾಮುಖಿಯ ಕಿಟ್ಟವೆಂದವರೂ ಉಂಟು, ಕಬ್ಬಿಣದ ಕುಲುಮೆಯ ಕಸವೆಂದವರೂ ಉಂಟು. ವಿವಾದವನ್ನು ಬಗೆಹರಿಸಿದ್ದು ಶಾಸನವಲ್ಲ, ಪ್ರಯೋಗಶಾಲೆ. ಝಾಯ್ನರ್ ಎಂಬ ವಿದ್ವಾಂಸರು ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪರೀಕ್ಷಿಸಿ, ಅದು ಸುಟ್ಟ ಸಗಣಿಯೆಂದು ತೋರಿಸಿದರು. ಹಳೆಯ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಅವರು ಅಗೆದಾಗ ದನದ ದೊಡ್ಡಿಯ ಬೇಲಿಯ ಗುರುತುಗಳೂ ಗೊರಸಿನ ಅಚ್ಚುಗಳೂ ಕಂಡವು. ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದೊಡ್ಡಿಯ ಪಕ್ಕದಲ್ಲಿಯೇ ವಾಸದ ನೆಲವನ್ನೂ ಮಕ್ಕಳ ಸಮಾಧಿಗಳನ್ನೂ ಕಂಡರು. ಇವೆಲ್ಲ ‘ಬರೀ ಮಣ್ಣು’ ಹೇಳಿದ ಕಥೆಗಳೇ.

ಮಣ್ಣು ಹೇಗೆ ಹೇಳುತ್ತದೆ? ಮನುಷ್ಯ, ದನ, ಎಲುಬು, ಬೂದಿ, ಕಸ ಇವೆಲ್ಲವುಗಳಿಂದ ರಂಜಕ ನೆಲ ಸೇರುತ್ತದೆ. ಅದು ಸುಲಭವಾಗಿ ಕರಗಿ ಹೋಗುವುದಿಲ್ಲ. ಕೆಮ್ಮಣ್ಣಿನಲ್ಲಿ ಕಬ್ಬಿಣವನ್ನೂ ಕರಿಮಣ್ಣಿನಲ್ಲಿ ಸುಣ್ಣವನ್ನೂ ಅಂಟಿಕೊಂಡು ಸಾವಿರಾರು ವರ್ಷ ಉಳಿಯುತ್ತದೆ. ಜಹೀರಾಬಾದಿನ ಮುರ ಮಣ್ಣಿನಂತಹ ಆಮ್ಲದ ನೆಲದಲ್ಲಿ ಎಲುಬು ಕರಗಿಹೋದರೂ ಹೂಳಿದ ಗುರುತು ಉಳಿಯಬಲ್ಲದು. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ರಾಜವೈಭವದ ಸಮಾಧಿ ದೊರೆತಾಗ ದೇಹವೇ ಇರಲಿಲ್ಲ; ಅಲ್ಲಿ ಶವವಿತ್ತೆಂಬುದಕ್ಕೆ ಮುಂದೆ ಸಾಕ್ಷಿ ನುಡಿದದ್ದು ಮಣ್ಣಿನೊಳಗಿನ ರಂಜಕ. ಒಮ್ಮೆ ಅಗೆದು ಮುಚ್ಚಿದ ಗುಂಡಿಯ ಮಣ್ಣು ಮೊದಲಿನ ಪದರಕ್ಕೆ ಮರಳುವುದಿಲ್ಲ. ಬಣ್ಣ, ಬಿಗಿ ಎರಡೂ ಬೇರೆಯಾಗುತ್ತವೆ. ಅಲುಗಿಸದೆ ಕತ್ತರಿಸಿದ ಮಣ್ಣಿನ ಗಡ್ಡೆಯನ್ನು ರಾಳದಿಂದ ಗಟ್ಟಿಮಾಡಿ, ಕೂದಲಿಗಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಸಾರಿಸಿದ ನೆಲ, ತುಳಿದ ದಾರಿ, ಸಗಣಿ, ಒಲೆಯ ಬೂದಿ ಬೇರೆ ಬೇರೆಯಾಗಿ ಕಾಣುತ್ತವೆ.

ವಿಪರ್ಯಾಸವೆಂದರೆ, ಈ ಗುಣವೇ ದಿಬ್ಬಗಳಿಗೆ ಮೃತ್ಯುವಾಗಿದೆ. ಹಾಳೂರ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ರೈತರು ಬಲ್ಲರು. ತೆಲುಗರು ಅದನ್ನು ‘ಪಾಟಿಮನ್ನು’ ಎನ್ನುತ್ತಾರೆ. ಒಂದೆರಡು ಬಂಡಿ ಒಯ್ದ ರೈತನನ್ನು ನಾವು ದೂರುವುದಿಲ್ಲ. ಆದರೆ ಬಂಡಿಯ ಕಾಲ ಹೋಗಿ ಜೆಸಿಬಿ, ಟಿಪ್ಪರುಗಳ ಕಾಲ ಬಂದಿದೆ. ಒಂದು ಪೀಳಿಗೆ ಒಯ್ಯುತ್ತಿದ್ದುದನ್ನು ಅವು ಒಂದು ವಾರದಲ್ಲಿ ಒಯ್ಯುತ್ತವೆ. ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ 12 ಸಾವಿರ ಎಕರೆಗೂ ಮೀರಿದ ಭೂಮಿಯನ್ನು ಕೈಗಾರಿಕಾ ವಲಯಕ್ಕೆಂದು ಗುರುತಿಸಲಾಗಿದೆ. ನೆಲ ಸಮತಟ್ಟಾದ ಮೇಲೆ ಕೇಳಲು ಏನೂ ಉಳಿಯದು.

‘ಅಭಿವೃದ್ಧಿಗೆ ಅಡ್ಡ ಬರುವಿರಾ?’ ಎಂದು ಕೇಳುವವರಿದ್ದಾರೆ. ನಾವು ಕೇಳುವುದು ಅಗೆಯುವ ಮುನ್ನ ಒಂದು ಪರೀಕ್ಷೆಯನ್ನು ಮಾತ್ರ. ‘ಸತ್ತವರನ್ನು ಕೆದಕಬೇಡಿ’ ಎನ್ನುವವರಿಗೆ ಹೇಳುವುದಿಷ್ಟು: ಮಣ್ಣಿನ ಪರೀಕ್ಷೆಗೆ ಅಲ್ಲಲ್ಲಿ ಒಂದು ಹಿಡಿ ಮಣ್ಣು ಸಾಕು, ಸಮಾಧಿಯನ್ನು ಒಡೆಯಬೇಕಿಲ್ಲ. ಒಡೆಯುತ್ತಿರುವವರು ನಿಧಿಗಳ್ಳರು. ಕನ್ನಡನಾಡಿನವರು ಮೋರ್ಯರ ಮನೆಯೆಂದೂ ತೆಲಂಗಾಣದವರು ರಾಕ್ಷಸಗುಳ್ಳುಗಳೆಂದೂ ಕರೆಯುವ ಶಿಲಾಸಮಾಧಿಗಳ ಗತಿ ಇದಕ್ಕೆ ಸಾಕ್ಷಿ.

‘ಇದರಿಂದ ಕನ್ನಡಕ್ಕೇನು ಲಾಭ?’ ಎಂಬುದು ಕೊನೆಯ ಪ್ರಶ್ನೆ. ಮಣ್ಣಿಗೆ ಮಾತೃಭಾಷೆಯಿಲ್ಲ, ಅದು ನಮ್ಮ ಪರವಾಗಿಯೂ ವಾದಿಸದು, ವಿರುದ್ಧವಾಗಿಯೂ ವಾದಿಸದು. ಆದುದರಿಂದಲೇ ಕನ್ನಡ, ತೆಲುಗು, ಉರ್ದು, ಮರಾಠಿ ಮಕ್ಕಳು ಒಟ್ಟಿಗೆ ನಿಂತು ಓದಬಹುದಾದ ಪಾಠ ಅದು. ಪರಂಪರೆಯ ರಕ್ಷಣೆ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51-ಎ ವಿಧಿ ಹೇಳುತ್ತದೆ. ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ವಾಕ್ಯವಲ್ಲ.

ಆದುದರಿಂದ ನಮ್ಮ ಸಂಘವು ಈ ಸಮ್ಮೇಳನದಲ್ಲಿ ಹಾರತುರಾಯಿಗಳ ಜೊತೆಗೆ ಒಂದು ನಿರ್ಣಯವನ್ನೂ ಕೈಗೊಳ್ಳಲಿ. ಮೂರೂ ತಾಲೂಕುಗಳ ಶಾಲೆಗಳು ತಮ್ಮ ಊರಿನ ಹಾಳೂರು, ಬೂದಿದಿಬ್ಬ, ಕಲ್ಲುವೃತ್ತಗಳನ್ನು ಸರ್ವೆ ನಂಬರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಕೊಡೋಣ. ಆ ಪಟ್ಟಿಯಲ್ಲಿರುವ ನೆಲವನ್ನು ಮಣ್ಣು ಪರೀಕ್ಷಿಸದೆ ಅಗೆಯಬಾರದೆಂದು ಒತ್ತಾಯಿಸೋಣ. ಮುಂದಿನ ಸಮ್ಮೇಳನದೊಳಗೆ ಈ ಪುಸ್ತಕ ಸಿದ್ಧವಾಗಲಿ.