ಭೀಮೆ ಇಳಿದಾಗ

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಪುಣೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯ ನೋಡಿದವರಿಗೆ ಗೊತ್ತು: ಅಡಕತ್ತರಿ, ದೀಪ, ವಾದ್ಯಗಳೇ ಅಲ್ಲಿನ ಸಂಪತ್ತು. ಕೇಳಕರರು ತೀರಿಹೋದ ಮಗ ರಾಜಾನ ಹೆಸರಲ್ಲಿ ಕೂಡಿಸಿದ ಅದನ್ನೆಲ್ಲ 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು.

ನಮ್ಮ ಇಂದಾಪುರ ತಾಲ್ಲೂಕಿನ ಸಂಗ್ರಹಾಲಯ ಬೇರೆ ಬಗೆಯದು. ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಪಳಸದೇವದ ಹಳೆಯ ಗುಡಿ, ಬೇಸಿಗೆಯಲ್ಲಿ ಭೀಮೆ ತೀರಾ ಇಳಿದರೆ ಮೇಲೆದ್ದು ನಿಲ್ಲುತ್ತದೆ. ಕಲ್ಲೇನೋ ಉಳಿದಿದೆ. ಮುಳುಗಿದ ಓಣಿಗಳ ಹೆಸರು, ಬೀಸುಕಲ್ಲಿನ ಹಾಡು ಹಿರಿಯರ ನಾಲಗೆಯ ಮೇಲಷ್ಟೇ ಇವೆ. ಅವರೂ ಒಬ್ಬೊಬ್ಬರಾಗಿ ಹೊರಟಿದ್ದಾರೆ.

ವಲಸೆ ಬಂದ ನಮಗೇಕೆ ಈ ಉಸಾಬರಿ ಎನ್ನಬೇಡಿ. ಇದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ ಸೀಮೆಗೆ ಹರಿಯುತ್ತಾಳೆ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಓಣಿಗಳನ್ನು ಬಿಟ್ಟುಕೊಟ್ಟವರು ನಮ್ಮವರೇ.

ಬರುವ ಮೇ 18ರಂದು ದಂಡೆಯ ಮೇಲೆ ಸೇರೋಣ. ಮಕ್ಕಳು ಹಿರಿಯರನ್ನು ಕೇಳಿ ಮುಳುಗಿದ ಊರಿನ ಚಿತ್ರ ಬರೆಯಲಿ. ಇಲ್ಲಿನ ಅಜ್ಜಿಯರು ಓವಿ ಹಾಡಲಿ, ನಮ್ಮವರು ಬೀಸುವ ಪದ ಹಾಡಲಿ. ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಚಿತ್ರಗಳ ಜೊತೆ ಊರಿನ ಶಾಲೆಗೆ ಕೊಡೋಣ. ಬಾಡಿಗೆ ಮನೆಯಲ್ಲಿದ್ದರೂ ಊರಿನ ನೆನಪಿಗೆ ನಾವೂ ವಾರಸುದಾರರೇ. ಬರುವಾಗ ಅಜ್ಜಿಯರನ್ನು ಕರೆತನ್ನಿ.